ಸೆನ್ಸರ್ ದೀಪ ನಡುವೆಯೇ ಯಾಕೆ ಆರುತ್ತದೆ?

ತಲೆಗೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ಬಚ್ಚಲಲ್ಲಿ ಕೂತಿದ್ದೀರಿ. ಕಣ್ಣು ಬಿಟ್ಟರೆ ಕತ್ತಲು. ಕರೆಂಟ್ ಹೋಗಿಲ್ಲ, ಹೊರಗೆ ಟಿವಿ ಮಾತಾಡುತ್ತಲೇ ಇದೆ. ಕೈ ಬೀಸಿದಿರಿ, ದೀಪ ಬಂತು. ಮನೆಯ ಬಚ್ಚಲಿಗೆ ಮೋಶನ್ ಸೆನ್ಸರ್ ಹಾಕಿಸಿದವರಿಗೆಲ್ಲ ಇದು ಗೊತ್ತು. ಯಾಕೆ ಹೀಗೆ ಅಂತ ಕ್ಲಾಸಿನಲ್ಲಿ ಕೇಳಿದರೆ ಬರುವ ಉತ್ತರ ಒಂದೇ: "ಸರ್, ಅದಕ್ಕೆ ನಾವು ಕಾಣಿಸಲಿಲ್ಲ."

ನಿಜ ಹೇಳಬೇಕೆಂದರೆ ಅದಕ್ಕೆ ಮನುಷ್ಯರು ಯಾವತ್ತೂ ಕಾಣುವುದೇ ಇಲ್ಲ. ಅದಕ್ಕೆ ತಿಳಿಯುವುದು ಶಾಖದ ಬದಲಾವಣೆ ಮಾತ್ರ. ಇದೊಂದನ್ನು ಸರಿಯಾಗಿ ತಿಳಿದುಕೊಂಡರೆ ಸೆನ್ಸರ್ ಎಲ್ಲಿ ಕೂರಿಸಬೇಕು, ಯಾವಾಗ ಕೈಕೊಡುತ್ತದೆ ಎನ್ನುವುದನ್ನೆಲ್ಲ ನೀವೇ ಹೇಳಬಹುದು.

ಬಿಸಿ ಇರುವ ಪ್ರತಿಯೊಂದು ವಸ್ತುವೂ ಅವಕೆಂಪು ಕಿರಣ, ಅಂದರೆ ಇನ್‌ಫ್ರಾರೆಡ್ ಹೊರಸೂಸುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಂದ ಬಣ್ಣಗಳಲ್ಲಿ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದಾಗ, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲೂ ಪಾದರಸ ಏರಿತು. ಹಾಗೆ ಸಿಕ್ಕ ಕಿರಣ ಇದು. ಕೆಂಪು ಬೆಳಕಿನ ತರಂಗದೂರ ಸುಮಾರು 0.7 ಮೈಕ್ರೋಮೀಟರ್. ನಮ್ಮ ಚರ್ಮ ಅತಿ ಹೆಚ್ಚು ಸೂಸುವುದು ಸುಮಾರು 9.5 ಮೈಕ್ರೋಮೀಟರಿನ ಆಸುಪಾಸಿನಲ್ಲಿ. ನಮ್ಮ ಕಣ್ಣಿಗೆ ಅದು ಕಾಣದು. ಮೊಲೆಮ್, ಚೋರ್ಲಾ ಕಡೆಯ ಕಾಡಿನಲ್ಲಿರುವ ಮಲಬಾರ್ ಪಿಟ್ ವೈಪರ್ ಹಾವಿಗೆ ಮಾತ್ರ ಗೊತ್ತಾಗುತ್ತದೆ. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವಿನ ಸಣ್ಣ ಗುಳಿಯಿಂದ ಅದು ಇಲಿಯ ಮೈಬಿಸಿಯನ್ನು ಗುರುತಿಸುತ್ತದೆ.

ಸೆನ್ಸರಿನ ಒಳಗೆ ಗುಳಿಯ ಬದಲು ಒಂದು ವಿಶೇಷ ಹರಳಿನ ಚೂರು ಇರುತ್ತದೆ. ಅದರ ಬಿಸಿ ಬದಲಾದಾಗ ಅದರ ಮೇಲೆ ವಿದ್ಯುದಾವೇಶ ಮೂಡುತ್ತದೆ. ಇದೇನೂ ಹೊಸ ಸಂಗತಿಯಲ್ಲ. ಹದಿನೆಂಟನೇ ಶತಮಾನದಲ್ಲಿ ಡಚ್ ವ್ಯಾಪಾರಿಗಳು ಶ್ರೀಲಂಕಾದಿಂದ ಟೂರ್ಮಲೀನ್ ಎಂಬ ಕಲ್ಲು ತಂದಿದ್ದರು. ಬಿಸಿ ಮಾಡಿದರೆ ಅದು ಬೂದಿಯನ್ನು ತನ್ನ ಕಡೆ ಸೆಳೆಯುತ್ತಿತ್ತು, ಹಾಗಾಗಿ ಅದಕ್ಕೆ 'ಬೂದಿ ಎಳೆಯುವ ಕಲ್ಲು' ಅಂತಲೇ ಹೆಸರಿಟ್ಟರು. ಅದೇ ಗುಣ ಈಗ ಬಚ್ಚಲ ದೀಪ ಹಚ್ಚುತ್ತಿದೆ.

ಇಲ್ಲಿ ಒಂದು ಜಾಣತನ ಇದೆ ನೋಡ್ರಿ. ಒಳಗೆ ಒಂದಲ್ಲ, ಎರಡು ಚೂರುಗಳಿರುತ್ತವೆ, ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಬಿಸಿಲೇರಿ ಇಡೀ ಕೋಣೆ ಬಿಸಿಯಾದರೆ ಎರಡೂ ಒಟ್ಟಿಗೆ ಬಿಸಿಯಾಗುತ್ತವೆ, ಒಂದರ ಪರಿಣಾಮವನ್ನು ಇನ್ನೊಂದು ಅಳಿಸುತ್ತದೆ. ನೀವು ಅಡ್ಡ ಹಾದು ಹೋದರೆ ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಶಾಖ ತಾಗುತ್ತದೆ. ಆಗ ಧನ, ಋಣ ಎಂದು ಒಂದು ಅಲೆ ಏಳುತ್ತದೆ. ದೀಪ ಹತ್ತುವುದು ಆ ಅಲೆಗೆ. ಕದಲದೆ ಕೂತರೆ ಅಲೆ ಇಲ್ಲ. ಅಲೆ ನಿಂತ ಮೇಲೆ ಒಳಗಿನ ಗಡಿಯಾರ ಎಣಿಸಿ ದೀಪ ಆರಿಸುತ್ತದೆ. ಹಾಗಾಗಿ ಬಚ್ಚಲಿಗೆ ಈ ಸಮಯವನ್ನು ಐದರಿಂದ ಎಂಟು ನಿಮಿಷಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಅನೇಕ ಸೆನ್ಸರ್‌ಗಳಲ್ಲಿ ಅದಕ್ಕೊಂದು ಸಣ್ಣ ತಿರುಪು ಇರುತ್ತದೆ.

ಮುಂಭಾಗದ ಬಿಳಿ ಗುಮ್ಮಟದಲ್ಲಿ ಕಾಣುವ ಸಣ್ಣ ಸಣ್ಣ ಮನೆಗಳು ಬರೀ ಚೆಂದಕ್ಕಲ್ಲ. ಒಂದೊಂದೂ ಒಂದು ಫ್ರೆನೆಲ್ ಮಸೂರ. ಪ್ರವಾಸಕ್ಕೆ ಹೋದಾಗ ಅಗ್ವಾದಾ ಕೋಟೆಯಲ್ಲಿ 1864ರ ಹಳೆಯ ದೀಪಸ್ತಂಭ ನೋಡಿರುತ್ತೀರಿ. ಅಂಥ ದೀಪಸ್ತಂಭಗಳ ಬೆಳಕನ್ನು ದೂರ ಕಳಿಸಲೆಂದೇ ಫ್ರಾನ್ಸಿನ ಫ್ರೆನೆಲ್ ಈ ತೆಳು ಮಸೂರವನ್ನು ರೂಪಿಸಿದ್ದ. ದೀಪಸ್ತಂಭದಲ್ಲಿ ಅದು ಬೆಳಕನ್ನು ಹೊರಗೆ ಕಳಿಸುತ್ತದೆ, ಸೆನ್ಸರಿನಲ್ಲಿ ಶಾಖವನ್ನು ಒಳಗೆ ತರುತ್ತದೆ. ಇದನ್ನು ಗಾಜಿನಿಂದ ಮಾಡುವುದಿಲ್ಲ, ಪಾಲಿಥಿನ್‌ನಿಂದ ಮಾಡುತ್ತಾರೆ. ಯಾಕೆಂದರೆ 9.5 ಮೈಕ್ರೋಮೀಟರಿನ ಕಿರಣಕ್ಕೆ ಗಾಜು ಗೋಡೆಯಿದ್ದ ಹಾಗೆ. ಸ್ನಾನದ ಜಾಗಕ್ಕೆ ಗಾಜಿನ ಬಾಗಿಲು ಹಾಕಿಸಿದ ಫ್ಲ್ಯಾಟುಗಳಲ್ಲಿ ಒಳಗಿದ್ದವರು ಎಷ್ಟು ಕೈ ಬೀಸಿದರೂ ದೀಪ ಬರದಿರುವುದು ಇದಕ್ಕೇ.

ಈಗ ನಮ್ಮ ಗೋವಾದ ಸಮಸ್ಯೆಗೆ ಬರೋಣ. ಸೆನ್ಸರಿಗೆ ಬೇಕಾದದ್ದು ನಿಮ್ಮ ಮೈಬಿಸಿಯಲ್ಲ, ನಿಮ್ಮ ಮೈಗೂ ಹಿಂದಿನ ಗೋಡೆಗೂ ಇರುವ ವ್ಯತ್ಯಾಸ. ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮದ ಪ್ರಕಾರ ಲೆಕ್ಕ ಹಾಕಿ ನೋಡಿ. 33 ಡಿಗ್ರಿಯ ಚರ್ಮ ಚದರ ಮೀಟರಿಗೆ ಹೆಚ್ಚುಕಡಿಮೆ 498 ವ್ಯಾಟ್ ಸೂಸುತ್ತದೆ. ಜನವರಿಯ ಬೆಳಗ್ಗೆ 22 ಡಿಗ್ರಿಯ ಗೋಡೆ ಸೂಸುವುದು 430. ವ್ಯತ್ಯಾಸ 68. ಮೇ ತಿಂಗಳ ಮಧ್ಯಾಹ್ನ ಗೋಡೆ 32 ಡಿಗ್ರಿಗೆ ಬಂದರೆ ಅದು ಸೂಸುವುದು 492. ವ್ಯತ್ಯಾಸ ಬರೀ 6! ತಗಡಿನ ಚಾವಣಿಯ ಬಚ್ಚಲಾದರೆ ಕೇಳುವುದೇ ಬೇಡ. ಬೇಸಿಗೆಯಲ್ಲಿ 'ಸೆನ್ಸರ್ ಕೆಟ್ಟಿದೆ' ಅಂತ ಕಿತ್ತು ಬಿಸಾಡುವ ಮೊದಲು ರಾತ್ರಿ ಒಮ್ಮೆ ಪರೀಕ್ಷಿಸಿ.

ಹಬೆಯೂ ತೊಂದರೆ ಕೊಡುತ್ತದೆ. ಬಕೆಟ್ಟಿನಿಂದ ಏಳುವ ಬಿಸಿ ಹಬೆ ಅಲುಗಾಡುವ ಶಾಖವೇ ತಾನೇ, ಯಾರೂ ಇಲ್ಲದಾಗಲೂ ದೀಪ ಹತ್ತಬಹುದು. ಗುಮ್ಮಟದ ಮೇಲೆ ನೀರಹನಿ ಕೂತರೆ ಉಲ್ಟಾ, ನೀರು ಆ ಕಿರಣಗಳನ್ನು ಹೀರಿ ಸೆನ್ಸರನ್ನು ಕುರುಡು ಮಾಡುತ್ತದೆ. ಹಾಗಾಗಿ ಗೀಸರ್, ಶವರ್, ಎಕ್ಸಾಸ್ಟ್ ಫ್ಯಾನ್ ಎದುರಿಗೆ ಬೇಡ. ಬಾಗಿಲಿಂದ ಬರುವವರು ಅಡ್ಡ ಹಾಯುವಂತೆ, ನೀರು ಸಿಡಿಯದ ಜಾಗದಲ್ಲಿ ಚಾವಣಿಗೆ ಕೂರಿಸುವುದು ವಾಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಒಂದು ನಿಮಿಷದವರೆಗೆ ಅದು ತನ್ನಷ್ಟಕ್ಕೆ ಹತ್ತಿ ಆರಿ ಮಾಡಬಹುದು. ಹರಳು ಮತ್ತು ಸರ್ಕಿಟ್ ಸ್ಥಿರವಾಗಲು ಅಷ್ಟು ಹೊತ್ತು ಬೇಕು, ಗಾಬರಿ ಬೇಡ.

ಅಂಗಡಿಯಲ್ಲಿ 'ಮೈಕ್ರೋವೇವ್ ಸೆನ್ಸರ್' ಅಂತಲೂ ಸಿಗುತ್ತದೆ. ಅದು ತಾನೇ ಅಲೆ ಕಳಿಸಿ ಪ್ರತಿಫಲನ ನೋಡುತ್ತದೆ, ಬೇಸಿಗೆಗೆ ಜಗ್ಗುವುದಿಲ್ಲ. ಆದರೆ ತೆಳು ಗೋಡೆ, ಪ್ಲಾಸ್ಟಿಕ್ ಬಾಗಿಲು ದಾಟಿಯೂ ನೋಡುತ್ತದೆ. ಒಂದಕ್ಕೊಂದು ಅಂಟಿದ ಮನೆಗಳಲ್ಲಿ ಪಕ್ಕದವರು ಓಡಾಡಿದರೂ ನಿಮ್ಮ ಬಚ್ಚಲು ಬೆಳಗೀತು.

ಇನ್ನು ವೈರಿಂಗ್. ಸಾಮಾನ್ಯ ಸ್ವಿಚ್ಚಿಗೆ ಫೇಸ್ ತಂತಿ ಮತ್ತು ಬಲ್ಬಿಗೆ ಹೋಗುವ ತಂತಿ ಇದ್ದರೆ ಸಾಕು. ಸೆನ್ಸರಿಗೆ ಸದಾ ಎಚ್ಚರವಾಗಿರಲು ಸ್ವಂತ ಕರೆಂಟ್ ಬೇಕು, ಆದ್ದರಿಂದ ಹೆಚ್ಚಿನವಕ್ಕೆ ನ್ಯೂಟ್ರಲ್ ತಂತಿಯೂ ಬೇಕು. ನಮ್ಮ ಮನೆಗಳಲ್ಲಿ ಬಚ್ಚಲ ಸ್ವಿಚ್ ಬೋರ್ಡ್ ಸಾಮಾನ್ಯವಾಗಿ ಬಾಗಿಲ ಹೊರಗಿರುತ್ತದೆ. ಸೆನ್ಸರನ್ನು ಅಲ್ಲೇ ಹಾಕಿದರೆ ಅದು ಹೊರಗೆ ಓಡಾಡುವವರನ್ನು ಕಾಯುತ್ತದೆ. ಒಳಗೆ ಹಾಕಬೇಕೆಂದರೆ ಹೊಸ ತಂತಿ ಎಳೆಯಬೇಕು. ಅಪಾಯ ಇರುವುದು ಇಲ್ಲೇ. ನ್ಯೂಟ್ರಲ್ ಸಿಗದಿದ್ದಾಗ ಕೆಲವರು ಗೀಸರಿನ ಅರ್ಥಿಂಗ್ ತಂತಿಗೆ ಜೋಡಿಸಿಬಿಡುತ್ತಾರೆ. ಸೆನ್ಸರ್ ಕೆಲಸ ಮಾಡುತ್ತದೆ, ಎಲ್ಲರಿಗೂ ಖುಷಿ. ಅದರ ಕರೆಂಟ್ ಕೆಲವೇ ಮಿಲಿಆಂಪಿಯರ್ ಆದ್ದರಿಂದ 30 ಮಿಲಿಆಂಪಿಯರಿಗೆ ಬೀಳುವ ಆರ್‌ಸಿಸಿಬಿ ಕೂಡ ಸುಮ್ಮನಿರುತ್ತದೆ. ಮುಂದೊಂದು ದಿನ ಎಲ್ಲೋ ಅರ್ಥಿಂಗ್ ತಂತಿ ತುಂಡಾದರೆ ಫೇಸ್ ಕರೆಂಟ್ ಸೆನ್ಸರ್ ಮೂಲಕ ಗೀಸರಿನ ಲೋಹದ ಮೈಗೆ ಬರುತ್ತದೆ. ಒದ್ದೆ ಮೈ, ಬರಿಗಾಲು. ಈ ಕೆಲಸ ನೀವು ಮಾಡಬೇಡಿ, ಲೈಸೆನ್ಸ್ ಇರುವ ವೈರ್‌ಮನ್ ಬರಲಿ. ಬಂದಾಗ "ನ್ಯೂಟ್ರಲ್ ಎಲ್ಲಿಂದ ತಗೊಂಡ್ರಿ?" ಅಂತ ಕೇಳುವುದಕ್ಕೆ ಮಾತ್ರ ನಾಚಿಕೊಳ್ಳಬೇಡಿ.

ಬಿಲ್ ಉಳಿಯುತ್ತದಾ? ಸೆನ್ಸರ್ ಸುಮ್ಮನಿದ್ದಾಗ ಅರ್ಧ ವ್ಯಾಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. 24 ಗಂಟೆಗೆ 12 ವ್ಯಾಟ್-ಗಂಟೆ. 9 ವ್ಯಾಟಿನ ಎಲ್‌ಇಡಿ ಬಲ್ಬು ಅಷ್ಟನ್ನು ಉರಿಸಲು 80 ನಿಮಿಷ ಬೇಕು. ಅಂದರೆ ನಿಮ್ಮ ಮನೆಯಲ್ಲಿ ದಿನಕ್ಕೆ 80 ನಿಮಿಷಕ್ಕಿಂತ ಕಡಿಮೆ ದೀಪ ಮರೆಯುತ್ತೀರಾದರೆ ಸೆನ್ಸರಿನಿಂದ ನಷ್ಟವೇ. ಹಳೆಯ 60 ವ್ಯಾಟಿನ ಬಲ್ಬಿನ ಕಾಲದಲ್ಲಿ ಈ ಲೆಕ್ಕ 12 ನಿಮಿಷಕ್ಕೇ ಮುಗಿಯುತ್ತಿತ್ತು.

ನನ್ನ ಪ್ರಕಾರ ಇದರ ನಿಜವಾದ ಉಪಯೋಗ ಬೇರೆ. ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಬಂದು ಝುವಾರಿನಗರದ ಬಾಡಿಗೆ ಕೋಣೆಯಲ್ಲಿ ಮೊಮ್ಮಕ್ಕಳ ಜೊತೆ ಇರುವ ಅಜ್ಜಿ, ರಾತ್ರಿ ಎರಡಕ್ಕೆ ಎದ್ದು ಕತ್ತಲಲ್ಲಿ ಸ್ವಿಚ್ ತಡಕಾಡುವುದು ತಪ್ಪುತ್ತದೆ. ಒದ್ದೆ ಕೈಯಲ್ಲಿ ಬೋರ್ಡ್ ಮುಟ್ಟುವುದೂ ತಪ್ಪುತ್ತದೆ. ಬಾಡಿಗೆ ಮನೆಯ ಗೋಡೆ ಕೊರೆಯುವಂತಿಲ್ಲ ಅಂದರೆ ಸೆಲ್ ಹಾಕುವ, ಅಂಟಿಸುವ ಸಣ್ಣ ಸೆನ್ಸರ್ ದೀಪ ಸಿಗುತ್ತದೆ. ಅದರಲ್ಲಿ ಫೇಸೂ ಇಲ್ಲ, ನ್ಯೂಟ್ರಲ್ಲೂ ಇಲ್ಲ, ಬಾಗಿಲ ಬಳಿ ಅಂಟಿಸಿದರೆ ಆಯ್ತು.

ಅಂಥ ದೀಪ ಮನೆಗೆ ಬಂದರೆ ಅಂಟಿಸುವ ಮೊದಲು ಒಂದು ಪ್ರಯೋಗ ಮಾಡಿ. ರಾತ್ರಿ ಕೋಣೆಯ ದೀಪ ಆರಿಸಿ, ಅದನ್ನು ಮೇಜಿನ ಮೇಲಿಟ್ಟು ಗಾಜಿನ ಲೋಟ ಮುಚ್ಚಿ. ಅದು ಆರುವ ತನಕ ದೂರ ನಿಂತಿರಿ. ಆಮೇಲೆ ಎದುರಿಗೆ ಕೈ ಆಡಿಸಿ. ಲೋಟ ತೆಗೆದು ತೆಳುವಾದ ಪಾಲಿಥಿನ್ ಚೀಲ ಮುಚ್ಚಿ ಅದನ್ನೇ ಮತ್ತೆ ಮಾಡಿ. ಎರಡರಲ್ಲಿ ಯಾವುದರ ಒಳಗೆ ದೀಪ ಹತ್ತಿತು, ಎಷ್ಟು ದೂರದಿಂದ ಹತ್ತಿತು ಅಂತ ಸ್ಕೇಲ್ ಹಿಡಿದು ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ.