ಹಸುವಿನ ರಕ್ತ, ನಮ್ಮ ಮಾತ್ರೆ



ನಮ್ಮ ವೈದ್ಯಕೀಯ ನೆರವು ನಿಧಿಯಿಂದ ಸಹಾಯ ಪಡೆಯುತ್ತಿರುವ ತರುಣನೊಬ್ಬ ಹೋದ ತಿಂಗಳು ಮೊಬೈಲಿಗೆ ಬಂದ ಸಂದೇಶವೊಂದನ್ನು ನನಗೆ ತೋರಿಸಿದ. “ಎಚ್‌ಐವಿಗೆ ಹಸುವಿನಲ್ಲಿ ಮದ್ದು ಸಿಕ್ಕಿದೆಯಂತೆ. ಇನ್ನು ಮಾತ್ರೆ ನಿಲ್ಲಿಸಬಹುದಾ ಸರ್?” ಎಂದ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ದುಡಿದವನು, ವೈದ್ಯನಲ್ಲ. “ನಿಲ್ಲಿಸಬೇಡಪ್ಪಾ, ಡಾಕ್ಟರನ್ನು ಕೇಳದೆ ಒಂದು ಹೊತ್ತೂ ತಪ್ಪಿಸಬೇಡ” ಎಂದು ಕಳುಹಿಸಿದೆ. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಲಸಿಕೆ ಕೊಟ್ಟಾಗ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಬ್ಯಾಂಕಿನಲ್ಲಿ ಮಾದರಿ ಸಹಿಯನ್ನು ನೋಡಿ ಚೆಕ್ಕನ್ನು ಗುರುತಿಸುವಂತೆ, ಇವು ವೈರಾಣುವಿನ ಹೊರಕವಚವನ್ನು ಗುರುತಿಸಿ ಹಿಡಿಯುತ್ತವೆ. ಎಚ್‌ಐವಿಯ ತೊಂದರೆಯೆಂದರೆ ಅದು ಸಹಿ ಬದಲಿಸುತ್ತಲೇ ಇರುತ್ತದೆ. ಸಾಲದ್ದಕ್ಕೆ, ಬದಲಾಗದ ಭಾಗವನ್ನು ಸಕ್ಕರೆ ಅಣುಗಳ ಹೊದಿಕೆಯಡಿ ಬಚ್ಚಿಡುತ್ತದೆ. ಆದ್ದರಿಂದ ಪ್ರತಿಕಾಯ ಎಷ್ಟು ಹುಟ್ಟಿತು ಎನ್ನುವುದಷ್ಟೇ ಮುಖ್ಯವಲ್ಲ. ಎಷ್ಟು ಬಗೆಯ ವೈರಾಣುಗಳನ್ನು ತಡೆಯಿತು ಎನ್ನುವುದೇ ಮುಖ್ಯ.

ಇದನ್ನು ವಿಜ್ಞಾನಿಗಳು ಪೆಟ್ಟು ತಿಂದೇ ಕಲಿತರು. 1990ರಲ್ಲಿ ಹೊರಕವಚದ ಒಂದು ಪ್ರೋಟೀನಿನಿಂದ ಮಾಡಿದ ಲಸಿಕೆ ಎರಡು ಚಿಂಪಾಂಜಿಗಳನ್ನು ಸೋಂಕಿನಿಂದ ಕಾಪಾಡಿತು. ಅದೇ ಪ್ರೋಟೀನನ್ನು ನಂಬಿ ಮಾಡಿದ ಲಸಿಕೆಯನ್ನು ಸಾವಿರಾರು ಜನರಿಗೆ ಕೊಟ್ಟು ನೋಡಿದಾಗ, 2003ರಲ್ಲಿ ಬಂದ ಫಲಿತಾಂಶ ಸೊನ್ನೆ. ಪ್ರತಿಕಾಯ ಹುಟ್ಟಿತ್ತು, ರಕ್ಷಣೆ ಸಿಗಲಿಲ್ಲ.

ಇನ್ನು ಹಸುವಿನ ವಿಷಯ. 2017ರಲ್ಲಿ ಅಮೆರಿಕದ ವಿಜ್ಞಾನಿಗಳು ವೈರಾಣುವಿನ ಕವಚವನ್ನೇ ಹೋಲುವ ಪ್ರೋಟೀನನ್ನು ನಾಲ್ಕು ಕರುಗಳಿಗೆ ಚುಚ್ಚಿದರು. ಕೆಲವೇ ವಾರಗಳಲ್ಲಿ ನಾಲ್ಕರಲ್ಲೂ ಹಲವು ಬಗೆಯ ವೈರಾಣುಗಳನ್ನು ತಡೆಯುವ ಪ್ರತಿಕಾಯಗಳು ಕಂಡವು. ಒಂದು ಹಸುವಿನ ರಕ್ತ 42 ದಿನಗಳಲ್ಲಿ ಶೇ. 20ರಷ್ಟು ಬಗೆಗಳನ್ನೂ, 381 ದಿನಗಳಲ್ಲಿ ಶೇ. 96ರಷ್ಟನ್ನೂ ಪ್ರಯೋಗಾಲಯದಲ್ಲಿ ತಡೆಯಿತು. ಹಸುವಿನ ಕೆಲವು ಪ್ರತಿಕಾಯಗಳಿಗೆ ನಮ್ಮವಕ್ಕಿಲ್ಲದಷ್ಟು ಉದ್ದನೆಯ ಕೊಂಡಿ ಇರುತ್ತದೆ. ಅದು ಸಕ್ಕರೆ ಹೊದಿಕೆಯೊಳಗೂ ಕೈಹಾಕುತ್ತದೆ. ಆದರೆ ಹಸುವಿಗೆ ಎಚ್‌ಐವಿ ತಗಲುವುದೇ ಇಲ್ಲ. ಅಲ್ಲಿ ಯಾವ ರೋಗವೂ ವಾಸಿಯಾಗಿಲ್ಲ; ದಾರಿಯೊಂದು ಕಂಡಿದೆ, ಅಷ್ಟೆ.

ನಮಗೆ ಹತ್ತಿರದ ಪ್ರಾಣಿಯಾದ ಕೋತಿಯಲ್ಲಿ ಇದೇ ಬಗೆಯ ಲಸಿಕೆಯನ್ನು ಪರೀಕ್ಷಿಸಿದ್ದಾರೆ. ಪ್ರತಿಕಾಯದ ಮಟ್ಟ ಹೆಚ್ಚಿದ್ದ ಕೋತಿಗಳು ಬಹುಪಾಲು ಸೋಂಕಿನಿಂದ ಪಾರಾದವು, ಕಡಿಮೆಯಿದ್ದವು ಪಾರಾಗಲಿಲ್ಲ. ಮಟ್ಟ ಇಳಿದಂತೆ ರಕ್ಷಣೆಯೂ ಇಳಿಯಿತು. ಅದೂ ಲಸಿಕೆಗೆ ಹೊಂದುವ ಒಂದೇ ಬಗೆಯ ವೈರಾಣುವಿನ ಎದುರು. ಮನುಷ್ಯರಲ್ಲಿ ಅಂಥ ವಿಶಾಲ ಪ್ರತಿಕಾಯ ಸೋಂಕಿತರ ಪೈಕಿ ಕೆಲವರಲ್ಲಿ ಮಾತ್ರ, ಅದೂ ವರ್ಷಗಳ ನಂತರ ಹುಟ್ಟುತ್ತದೆ.

ನಮ್ಮ ಪುಣೆಗೂ ಈ ಶೋಧದಲ್ಲಿ ಪಾಲಿದೆ. ಭಾರತದಲ್ಲಿ ಎಚ್‌ಐವಿ ಲಸಿಕೆಯನ್ನು ಮೊದಲು ಮನುಷ್ಯರ ಮೇಲೆ ಪರೀಕ್ಷಿಸಿದ್ದು 2005ರಲ್ಲಿ, ಇಲ್ಲಿನ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯಲ್ಲಿ.

ಇಷ್ಟೆಲ್ಲ ತಿಳಿದ ಮೇಲೆ ಆ ತರುಣನನ್ನು ಕರೆಸಿ ಹೇಳಿದೆ: ಇವೆಲ್ಲ ಸೋಂಕು ತಗಲದವರನ್ನು ಕಾಪಾಡಲು ನಡೆದಿರುವ ಪ್ರಯತ್ನ. ಈಗಾಗಲೇ ಸೋಂಕಿರುವವರಿಗೆ ಆಧಾರ ಮಾತ್ರೆಯೇ. ತಪ್ಪದೆ ತೆಗೆದುಕೊಂಡರೆ ವೈರಾಣು ಪರೀಕ್ಷೆಗೂ ಸಿಗದಷ್ಟು ಕುಗ್ಗುತ್ತದೆ. ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತಲೆಯೆತ್ತುತ್ತದೆ. ಅವನು ಮಾತ್ರೆ ಬಿಟ್ಟಿಲ್ಲ.

2004ರಿಂದ ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಈ ಮಾತ್ರೆಗಳು ಉಚಿತ. ಆದರೆ ಅಲ್ಲಿಗೆ ಹೋಗಿಬರುವ ಬಸ್ ಖರ್ಚು, ಆ ದಿನದ ಕೂಲಿ, ಹೊಟ್ಟೆಗೆ ಒಳ್ಳೆಯ ಊಟ ಉಚಿತವಲ್ಲ. ನಮ್ಮ ನಿಧಿ ಖರ್ಚಾಗುವುದು ಅಲ್ಲಿ. ಲಸಿಕೆ ಬರುವ ದಿನ ಬರಲಿ. ಅಲ್ಲಿಯವರೆಗೆ ಯಾರೂ ಹಣವಿಲ್ಲದೆ ಮಾತ್ರೆ ತಪ್ಪಿಸಬಾರದು. ದಯವಿಟ್ಟು ಕೈಲಾದಷ್ಟು ನೀಡಿ. ಮೊಬೈಲಿಗೆ ಬರುವ ಇಂಥ ಸಂದೇಶಗಳನ್ನು ವಿಚಾರಿಸದೆ ಮುಂದಕ್ಕೆ ಕಳುಹಿಸಬೇಡಿ.