ಫ್ಯಾಕ್ಟ್ ಚೆಕ್: ವಂಚಕರ ಚಾಟ್‌ನ ಸ್ಕ್ರೀನ್‌ಶಾಟ್ ಇದ್ದರೆ ಸಾಕು, ಡಿಲೀಟ್ ಮಾಡಬಹುದೇ?

‘ವಂಚಕರ ಮೆಸೇಜ್ ಬಂದರೆ ಸ್ಕ್ರೀನ್‌ಶಾಟ್ ತೆಗೆದುಕೊಂಡು ಚಾಟ್ ಡಿಲೀಟ್ ಮಾಡಿಬಿಡಿ, ಪೊಲೀಸರಿಗೆ ಅಷ್ಟೇ ಸಾಕು.’ ಈ ಅರ್ಥದ ಸಲಹೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದರಲ್ಲಿ ಅರ್ಧ ಸರಿ, ಅರ್ಧ ಅಪಾಯ. ಸ್ಕ್ರೀನ್‌ಶಾಟ್ ತೆಗೆಯಿರಿ. ಡಿಲೀಟ್ ಮಾತ್ರ ಮಾಡಬೇಡಿ.

ಯಾಕೆ? ಸ್ಕ್ರೀನ್‌ಶಾಟ್ ಒಂದು ಚಿತ್ರ, ಅಷ್ಟೇ. ನಕಲಿ ಚಾಟ್ ತಯಾರಿಸುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ ಎಂಬುದು ಎದುರು ಪಕ್ಷದ ವಕೀಲರಿಗೂ ಗೊತ್ತು. ಹಾಗಾಗಿ ಸೈಬರ್ ತನಿಖೆಯ ತರಬೇತಿಯಲ್ಲಿ ಪೊಲೀಸರಿಗೆ ಮೊದಲು ಕಲಿಸುವುದು ಕಳ್ಳನನ್ನು ಹಿಡಿಯುವುದನ್ನಲ್ಲ, ಸಾಕ್ಷ್ಯವನ್ನು ಕೆಡಿಸದೇ ಇರುವುದನ್ನು. ಆನ್ ಇರುವ ಕಂಪ್ಯೂಟರನ್ನು ಅವಸರದಲ್ಲಿ ಆಫ್ ಮಾಡಬಾರದು, ಮೆಮೊರಿಯಲ್ಲಿದ್ದದ್ದು ಹೋಗುತ್ತದೆ. ಆಫ್ ಇರುವುದನ್ನು ‘ಏನಿದೆ ನೋಡೋಣ’ ಎಂದು ಆನ್ ಮಾಡಲೂಬಾರದು, ಆನ್ ಆಗುತ್ತಲೇ ಎಷ್ಟೋ ಫೈಲ್‌ಗಳು ಬದಲಾಗುತ್ತವೆ. ಆರೋಪಿಯ ಫೋನ್ ಸಿಕ್ಕರೆ ನೆಟ್‌ವರ್ಕ್ ತಪ್ಪಿಸಬೇಕು. ಇಲ್ಲವಾದರೆ ಎಲ್ಲೋ ಕುಳಿತವರು ಅದರಲ್ಲಿರುವುದನ್ನೆಲ್ಲ ಅಳಿಸಬಹುದು. ಇದಕ್ಕಾಗಿ ಸಿಗ್ನಲ್ ಒಳಹೋಗದಂತೆ ತಡೆಯುವ ಫ್ಯಾರಡೆ ಬ್ಯಾಗ್ ಎಂಬ ಚೀಲ ಬಳಸುತ್ತಾರೆ.

ಮುಂದಿನ ಪಾಠ ಹ್ಯಾಶ್. ಇದು ಫೈಲಿನ ಬೆರಳಚ್ಚು ಇದ್ದ ಹಾಗೆ. ಫೈಲಿನಲ್ಲಿರುವ ಎಲ್ಲವನ್ನೂ ಲೆಕ್ಕ ಹಾಕಿ ಸಾಫ್ಟ್‌ವೇರ್ ಒಂದು ಉದ್ದನೆಯ ಸಂಕೇತ ಕೊಡುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಇಡೀ ಸಂಕೇತ ಬೇರೆಯಾಗುತ್ತದೆ. ವಶಪಡಿಸಿಕೊಂಡ ದಿನದ ಹ್ಯಾಶ್ ಮತ್ತು ಕೋರ್ಟಿನಲ್ಲಿ ತೋರಿಸುವ ದಿನದ ಹ್ಯಾಶ್ ಒಂದೇ ಇದ್ದರೆ, ನಡುವೆ ಯಾರೂ ಕೈಯಾಡಿಸಿಲ್ಲ ಎಂದರ್ಥ. ಇನ್ನು ನಮ್ಮ ಅಭ್ಯಾಸ ನೋಡಿ: ವಾಟ್ಸಾಪ್‌ನಲ್ಲಿ ಮಾಮೂಲಾಗಿ ಫೋಟೊ ಕಳಿಸಿದರೆ ಅದರ ಗಾತ್ರ ಕುಗ್ಗುತ್ತದೆ, ತೆಗೆದ ಸಮಯ, ಜಾಗದ ಮಾಹಿತಿ ಕಳಚಿಹೋಗುತ್ತದೆ. ನಮ್ಮ ಕಣ್ಣಿಗೆ ಅದೇ ಫೋಟೊ, ಹ್ಯಾಶ್‌ಗೆ ಬೇರೆಯೇ ಫೈಲ್.

ಕಾನೂನು ಕೂಡ ಇದನ್ನೇ ಕೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ದಾಖಲೆ ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಹ್ಯಾಶ್ ಬರೆಯಲೂ ಅದರಲ್ಲಿ ಜಾಗವಿದೆ. ಹಳೆಯ ಕಾಯ್ದೆಯ 65ಬಿ ಸೆಕ್ಷನ್ ಬಗ್ಗೆ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮಂಥವರಿಗೆ ಮುಖ್ಯ. ಮಾಲೀಕರೇ ಮೂಲ ಸಾಧನದೊಂದಿಗೆ ಬಂದು ಸಾಕ್ಷಿ ಹೇಳಿದರೆ ಪ್ರಮಾಣಪತ್ರ ಬೇಕಾಗದು ಎಂದಿತು. ಮೂಲ ಚಾಟ್‌ಗೆ ಇರುವ ಬೆಲೆ ಇದು.

ಬೆಂಗಳೂರಿನಲ್ಲಿ 2001ರಲ್ಲೇ ಸೈಬರ್ ಕ್ರೈಂ ಠಾಣೆ ಶುರುವಾಗಿತ್ತು. ಈಗ ಸಿಐಡಿಯಲ್ಲಿ ಇನ್ಫೋಸಿಸ್ ಫೌಂಡೇಶನ್ ಮತ್ತು ಡೇಟಾ ಸೆಕ್ಯೂರಿಟಿ ಕೌನ್ಸಿಲ್ ಜೊತೆಗೂಡಿ ಕಟ್ಟಿದ ತರಬೇತಿ ಕೇಂದ್ರವಿದೆ. ಪೊಲೀಸರ ಜೊತೆ ಸರ್ಕಾರಿ ವಕೀಲರಿಗೂ ಅಲ್ಲಿ ಪಾಠ ನಡೆಯುತ್ತದೆ. ಐಟಿ ಕಾಯ್ದೆಯ ಪ್ರಕರಣಗಳನ್ನು ಇನ್‌ಸ್ಪೆಕ್ಟರ್ ಅಥವಾ ಮೇಲಿನ ಅಧಿಕಾರಿಯೇ ತನಿಖೆ ಮಾಡಬೇಕು. ಆದರೆ ನಮ್ಮ ಅಭಿಪ್ರಾಯದಲ್ಲಿ ತರಬೇತಿ ಹೆಚ್ಚು ಬೇಕಿರುವುದು ಠಾಣೆಗೆ ಓಡಿಬಂದವರ ಫೋನನ್ನು ಮೊದಲು ಕೈಗೆ ತೆಗೆದುಕೊಳ್ಳುವ ಕಾನ್‌ಸ್ಟೆಬಲ್‌ಗೆ.

ಹಣ ಹೋಗಿದ್ದರೆ ಮೊದಲು 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಬೇರೆ ಬೇರೆ ಖಾತೆಗಳಿಗೆ ಹಂಚಿಹೋಗುತ್ತದೆ. ವಹಿವಾಟಿನ ಯುಟಿಆರ್ ಸಂಖ್ಯೆ, ವಂಚಕರ ನಂಬರ್, ಲಿಂಕ್ ಬರೆದಿಟ್ಟುಕೊಳ್ಳಿ. ಚಾಟ್‌ನಲ್ಲಿ ಡಿಸಪಿಯರಿಂಗ್ ಮೆಸೇಜ್ ಆನ್ ಇದ್ದರೆ ಆಫ್ ಮಾಡಿ, ಈಗಾಗಲೇ ಬಂದ ಮೆಸೇಜ್‌ಗಳು ಮಾಯವಾಗುವ ಮುನ್ನ ಠಾಣೆಯಲ್ಲಿ ತೋರಿಸಿ. ಫೋನ್ ರೀಸೆಟ್ ಮಾಡಬೇಡಿ. ಪೊಲೀಸರು ಫೋನ್ ವಶಕ್ಕೆ ತೆಗೆದುಕೊಂಡರೆ, ಮಹಜರಿನಲ್ಲಿ ಅದರ ಐಎಂಇಐ ಸಂಖ್ಯೆ ನಮೂದಾಗಿದೆಯೇ ನೋಡಿ, ಒಂದು ಪ್ರತಿ ಕೇಳಿ ಪಡೆಯಿರಿ.