ಒಂದು ಲೀಟರ್ ನೀರು ಹಾರಿಸಲು ಎಷ್ಟು ಕರೆಂಟು?

ಜೂನ್ ಎರಡನೆಯ ವಾರ ದಾಟಿತೆಂದರೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಮನೆಗಳಲ್ಲಿ ಬಟ್ಟೆ ಒಣಗಿಸುವುದೇ ದಿನದ ದೊಡ್ಡ ಚಿಂತೆ. ಜಗಲಿಯ ಉದ್ದಕ್ಕೂ ಹಗ್ಗ, ಮಲಗುವ ಕೋಣೆಯಲ್ಲೂ ಹಗ್ಗ, ಬಚ್ಚಲುಮನೆಯ ಹಂಡೆ ಒಲೆಯ ಮೇಲ್ಗಡೆ ಬಿದಿರಿನ ಗಳು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಸಮವಸ್ತ್ರ ಒಣಗದೇ ಇಸ್ತ್ರಿಪೆಟ್ಟಿಗೆಯಲ್ಲೇ ತೇವ ಆರಿಸುವುದು ಮಾಮೂಲು. ಈಗೀಗ ಬಟ್ಟೆ ಒಣಗಿಸುವ ಡ್ರೈಯರ್ ಕೊಳ್ಳುವ ಯೋಚನೆ ಇಂಥ ಮನೆಗಳಿಗೂ ಬಂದಿದೆ. ಕೊಳ್ಳುವಾಗ ಯಂತ್ರದ ಬೆಲೆ ಕೇಳುತ್ತೇವೆ, ಎಷ್ಟು ಕೆ.ಜಿ. ಬಟ್ಟೆ ಹಿಡಿಯುತ್ತದೆ ಎಂದು ಕೇಳುತ್ತೇವೆ. ಕೇಳಬೇಕಾದ ಮುಖ್ಯ ಪ್ರಶ್ನೆ ಬೇರೆಯೇ ಇದೆ: ಬಟ್ಟೆಯಿಂದ ಒಂದು ಲೀಟರ್ ನೀರು ತೆಗೆಯಲು ಇದು ಎಷ್ಟು ಯೂನಿಟ್ ತಿನ್ನುತ್ತದೆ?

ಈ ಪ್ರಶ್ನೆಗೆ ಪ್ರಕೃತಿಯೇ ಒಂದು ಅಳತೆಗೋಲು ಕೊಟ್ಟಿದೆ. ನೀರು ಕುದಿಯಲಿ, ಸುಮ್ಮನೆ ಆರಲಿ, ದ್ರವ ಆವಿಯಾಗಲು ಶಾಖ ಬೇಕೇ ಬೇಕು. ಬಟ್ಟೆ ಒಣಗುವ ಉಷ್ಣತೆಯಲ್ಲಿ ಒಂದು ಲೀಟರ್ ನೀರಿಗೆ ಅದು ಸುಮಾರು 2,400 ಕಿಲೋಜೂಲ್, ಕರೆಂಟಿನ ಲೆಕ್ಕದಲ್ಲಿ ಹೇಳುವುದಾದರೆ ಮೂರನೇ ಎರಡು ಯೂನಿಟ್. ಶಾಖವನ್ನು ಹೊಸದಾಗಿ ಹುಟ್ಟಿಸಿ, ಬಳಸಿ, ಹೊರಗೆ ಬಿಡುವ ಯಾವ ಡ್ರೈಯರೂ ಇದಕ್ಕಿಂತ ಕಡಿಮೆಗೆ ಕೆಲಸ ಮುಗಿಸಲಾರದು.

ಹಾಗಾಗಿ ಮೊದಲ ಉಳಿತಾಯ ಡ್ರೈಯರ್‌ಗೆ ಬಟ್ಟೆ ಹಾಕುವ ಮುನ್ನವೇ ಆಗಬೇಕು. ಕೈಯಲ್ಲಿ ಹಿಂಡಿದ ಐದು ಕೆ.ಜಿ. ಬಟ್ಟೆಯಲ್ಲಿ ಹೆಚ್ಚುಕಡಿಮೆ ಐದು ಲೀಟರ್ ನೀರು ಉಳಿದಿರುತ್ತದೆ. ವಾಷಿಂಗ್ ಮೆಷಿನ್ ನಿಮಿಷಕ್ಕೆ 1,000 ಸುತ್ತು ತಿರುಗಿಸಿದರೆ ಅದು ಮೂರು ಲೀಟರ್‌ಗೆ ಇಳಿಯುತ್ತದೆ, 1,400 ಸುತ್ತಿಗೆ ಎರಡೂವರೆಗೆ. ಹೀಗೆ ಗಿರಗಿರನೆ ತಿರುಗಿಸಿ ತೆಗೆದ ನೀರು ದ್ರವವಾಗಿಯೇ ಹೊರಬೀಳುತ್ತದೆ, ಆವಿಯಾಗುವ ಗೊಡವೆಯೇ ಇಲ್ಲ. ಐದು ನಿಮಿಷ ತಿರುಗಿಸಲು ಮೋಟಾರಿಗೆ ಬೇಕಾಗುವುದು ಒಂದು ಯೂನಿಟ್‌ನ ನೂರರಲ್ಲಿ ಕೆಲವೇ ಪಾಲು. 1,000 ಮತ್ತು 1,400 ಸುತ್ತಿನ ನಡುವಿನ ಆ ಅರ್ಧ ಲೀಟರನ್ನೇ ಹೀಟರ್ ಡ್ರೈಯರ್‌ನಲ್ಲಿ ಶಾಖದಿಂದ ಓಡಿಸಲು ಅರ್ಧ ಯೂನಿಟ್ ಬೇಕು. ಹಣ ಕೊಟ್ಟು ಡ್ರೈಯರ್ ತಂದ ಮೇಲೂ ವಾಷಿಂಗ್ ಮೆಷಿನ್ನಿನ ಸ್ಪಿನ್ ಅನ್ನು ಬಟ್ಟೆ ಸುಕ್ಕಾಗುತ್ತದೆಂದು ಕಡಿಮೆಗೆ ಇಡುವವರಿದ್ದಾರೆ. ದಪ್ಪ ಹತ್ತಿ ಬಟ್ಟೆ, ಟವೆಲ್, ಹೊದಿಕೆಗಳಿಗಾದರೂ ಅದನ್ನು ಪೂರ್ತಿ ತಿರುಗಿಸಬೇಕು.

ಇನ್ನು ಕರಾವಳಿಯವರು ಸಹಜವಾಗಿ ಕೇಳುವ ಒಂದು ಪ್ರಶ್ನೆ. ಹೊರಗಿನ ಗಾಳಿಯೇ ನೀರು ಕುಡಿದು ಕೂತಿರುವಾಗ, ಆ ಗಾಳಿಯನ್ನೇ ಎಳೆದುಕೊಳ್ಳುವ ಡ್ರೈಯರ್ ಬಟ್ಟೆಯನ್ನು ಹೇಗೆ ಒಣಗಿಸೀತು? ಜುಲೈ ತಿಂಗಳ ಒಂದು ದಿನ 26 ಡಿಗ್ರಿ ಉಷ್ಣತೆ, ಶೇ 90 ಆರ್ದ್ರತೆ ಎಂದು ಇಟ್ಟುಕೊಳ್ಳೋಣ. ಆ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 24 ಗ್ರಾಂ ನೀರಾವಿ ಹಿಡಿದಿಡಬಲ್ಲದು. ಆಗಲೇ 22 ಗ್ರಾಂ ತುಂಬಿದೆ. ಹಗ್ಗದ ಮೇಲಿನ ಪಂಚೆ ಮೂರು ದಿನವಾದರೂ ತಣ್ಣಗೇ ಇರುವುದು ಈ ಕಾರಣಕ್ಕೆ. ಈಗ ಅದೇ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿ. ಆ ಉಷ್ಣತೆಯಲ್ಲಿ ಘನ ಮೀಟರಿಗೆ 130 ಗ್ರಾಂವರೆಗೆ ಆವಿಗೆ ಜಾಗವಿದೆ. ಗಾಳಿಯಲ್ಲಿದ್ದ ನೀರು ಒಂದು ಹನಿಯೂ ಕಡಿಮೆಯಾಗಿಲ್ಲ, ಆದರೂ ಸಾಪೇಕ್ಷ ಆರ್ದ್ರತೆ 90ರಿಂದ 15ರ ಆಸುಪಾಸಿಗೆ ಕುಸಿಯುತ್ತದೆ. ಹಂಡೆ ಒಲೆಯ ಮೇಲಿನ ಗಳುವಿನಲ್ಲಿ ಬಟ್ಟೆ ಒಣಗುವುದೂ, ಬೆಳ್ತಂಗಡಿಯ ರಬ್ಬರ್ ಬೆಳೆಗಾರರ ಹೊಗೆಮನೆಯಲ್ಲಿ ಶೀಟ್ ಒಣಗುವುದೂ ಇದೇ ನಿಯಮದಿಂದ. ನಮ್ಮ ಗಾಳಿ ಮೊದಲೇ ಬೆಚ್ಚಗಿರುವುದರಿಂದ ಅದನ್ನು 60ಕ್ಕೆ ಏರಿಸುವ ಖರ್ಚು ಚಳಿದೇಶಗಳಿಗಿಂತ ನಮಗೆ ಸ್ವಲ್ಪ ಕಡಿಮೆಯೇ.

ವೆಂಟೆಡ್ ಡ್ರೈಯರ್ ಎಂಬ ಅಗ್ಗದ ಯಂತ್ರ ಮಾಡುವುದು ಇಷ್ಟನ್ನೇ. ಎರಡು ಸಾವಿರ ವಾಟ್ ಅಥವಾ ಇನ್ನೂ ಹೆಚ್ಚಿನ ಹೀಟರ್ ಗಾಳಿ ಕಾಯಿಸುತ್ತದೆ, ಡ್ರಮ್ ತಿರುಗುತ್ತದೆ, ಫ್ಯಾನ್ ತೇವದ ಗಾಳಿಯನ್ನು ಕೊಳವೆಯ ಮೂಲಕ ಹೊರಗೆ ದೂಡುತ್ತದೆ. ಆವಿಯ ಜೊತೆಗೆ ಬಿಸಿಯೂ ಹೊರಗೆ ಹೋಗುತ್ತದೆ, ತೂತು ಕೊಡದಲ್ಲಿ ನೀರು ಸೇದಿದ ಹಾಗೆ. ಆದ್ದರಿಂದ ಲೀಟರ್‌ಗೆ ಮೂರನೇ ಎರಡು ಯೂನಿಟ್ ಸಾಲದು, ವಾಸ್ತವದಲ್ಲಿ 1.1 ಯೂನಿಟ್ ಹತ್ತಿರ ಬೇಕಾಗುತ್ತದೆ. ಆ ಕೊಳವೆಯನ್ನು ಕಿಟಕಿಯಿಂದ ಆಚೆಗೆ ಬಿಡದೆ ಕೋಣೆಯಲ್ಲೇ ಬಿಡುವವರು ಒಂದು ವಿಷಯ ಗಮನಿಸಬೇಕು. ಮೂರು ಲೀಟರ್ ನೀರು ಬಟ್ಟೆಯಿಂದ ಹೊರಟು ಗೋಡೆಗೆ, ಕಪಾಟಿನ ಹಿಂಬದಿಗೆ, ಪುಸ್ತಕಗಳಿಗೆ ಹೋಗಿ ಕೂರುತ್ತದೆ. ಮಳೆಗಾಲದ ಮನೆಯಲ್ಲಿ ಬೂಸ್ಟಿಗೆ ಅದಕ್ಕಿಂತ ಒಳ್ಳೆಯ ಔತಣ ಬೇರೆ ಇಲ್ಲ.

ಕಂಡೆನ್ಸರ್ ಡ್ರೈಯರ್‌ಗೆ ಹೊರಗೆ ಹೋಗುವ ಕೊಳವೆ ಇಲ್ಲ. ಅದು ತೇವದ ಬಿಸಿಗಾಳಿಯನ್ನು ಕೋಣೆಯ ಗಾಳಿಯಿಂದ ತಂಪು ಮಾಡಿ, ಆವಿಯನ್ನು ಮತ್ತೆ ನೀರಾಗಿಸಿ ಒಂದು ಡಬ್ಬಿಯಲ್ಲಿ ಹಿಡಿಯುತ್ತದೆ. ಕರೆಂಟು ಮಾತ್ರ ಉಳಿಯುವುದಿಲ್ಲ, ಲೀಟರ್‌ಗೆ 1.2 ಯೂನಿಟ್‌ನಷ್ಟು ಬೇಕು. ಕೋಣೆಯೇ 30 ಡಿಗ್ರಿ ಬೆಚ್ಚಗಿದ್ದರೆ ತಂಪು ಮಾಡುವ ಕೆಲಸ ಇನ್ನೂ ನಿಧಾನ. ಬಾಡಿಗೆ ಫ್ಲಾಟಿನಲ್ಲಿ ಗೋಡೆ ಕೊರೆಯಲು ಆಗದವರನ್ನು ಬಿಟ್ಟರೆ, ನಮ್ಮ ಊರಿನ ಹವೆಗೆ ಇದನ್ನು ಆರಿಸಿಕೊಳ್ಳಲು ಕಾರಣ ಕಾಣುವುದಿಲ್ಲ.

ಮೂರನೆಯದು ಹೀಟ್ ಪಂಪ್. ಇದರ ಕೆಲಸದ ರೀತಿ ನನಗೆ ಬಹಳ ಮೆಚ್ಚುಗೆ. ಫ್ರಿಜ್‌ನೊಳಗೆ ಇರುವ ಕಂಪ್ರೆಸರ್, ತಣ್ಣನೆಯ ಸುರುಳಿ, ಬಿಸಿ ಸುರುಳಿ ಇವೇ ಇಲ್ಲೂ ಇವೆ. ಬಟ್ಟೆಯಿಂದ ಬಂದ ತೇವದ ಗಾಳಿ ಮೊದಲು ತಣ್ಣನೆಯ ಸುರುಳಿಯ ಮೇಲೆ ಹಾಯುತ್ತದೆ. ಆವಿ ಹನಿಯಾಗಿ ತೊಟ್ಟಿಕ್ಕುತ್ತದೆ. ಹನಿಯಾಗುವಾಗ, ಆವಿಯಾಗಲು ತಾನು ಪಡೆದಿದ್ದ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಸುರುಳಿಯೊಳಗಿನ ಶೀತಕ ಅದನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಶಾಖವನ್ನು ಬಿಸಿ ಸುರುಳಿಗೆ ಏರಿಸುತ್ತದೆ. ನೀರು ಕಳೆದುಕೊಂಡ ಅದೇ ಗಾಳಿ ಈಗ ಬಿಸಿ ಸುರುಳಿಯ ಮೇಲೆ ಹಾದು ಮತ್ತೆ ಬಟ್ಟೆಯ ಬಳಿಗೆ ಹೋಗುತ್ತದೆ. ಶಾಖ ಹೊರಗೆ ಹೋಗದೆ ಒಳಗೇ ಸುತ್ತುತ್ತಿರುತ್ತದೆ. ಕರೆಂಟು ಬೇಕಾಗುವುದು ಅದನ್ನು ತಣ್ಣನೆಯ ಕಡೆಯಿಂದ ಬಿಸಿ ಕಡೆಗೆ ಎತ್ತಲು ಮಾತ್ರ. ಹೀಗಾಗಿ ಲೀಟರ್‌ಗೆ ಅರ್ಧ ಯೂನಿಟ್‌ಗಿಂತಲೂ ಕಡಿಮೆ ಸಾಕು, ಅಂದರೆ ಆವಿಯಾಗಲು ಬೇಕಾದ ಶಾಖಕ್ಕಿಂತಲೂ ಕಡಿಮೆ. ನಿಯಮ ಮುರಿದದ್ದಲ್ಲ, ಒಂದೇ ಶಾಖವನ್ನು ಮತ್ತೆ ಮತ್ತೆ ದುಡಿಸಿಕೊಂಡದ್ದು. ಗಾಳಿ 50–60 ಡಿಗ್ರಿಗಿಂತ ಹೆಚ್ಚು ಕಾಯದ ಕಾರಣ ಬಟ್ಟೆಯೂ ಬೇಗ ಹಳತಾಗದು. ಆದರೆ ಒಂದು ಗಂಟೆಯ ಕೆಲಸಕ್ಕೆ ಎರಡು, ಕೆಲವೊಮ್ಮೆ ಮೂರು ಗಂಟೆ ಹಿಡಿಯುತ್ತದೆ. ಸ್ವಿಟ್ಜರ್ಲೆಂಡ್ 2012ರಿಂದಲೇ ಹೀಟ್ ಪಂಪ್ ಅಲ್ಲದ ಮನೆಬಳಕೆಯ ಡ್ರೈಯರ್‌ಗಳ ಮಾರಾಟಕ್ಕೆ ಬಾಗಿಲು ಮುಚ್ಚಿತು. ಐರೋಪ್ಯ ಒಕ್ಕೂಟದಲ್ಲಿ 2025ರ ಜುಲೈನಿಂದ ಜಾರಿಗೆ ಬಂದ ನಿಯಮಗಳ ಪರಿಣಾಮವೂ ಅದೇ.

ಯುರೋಪಿಗೆ ಸರಿಯಾದದ್ದು ನಮ್ಮ ಪುಂಜಾಲಕಟ್ಟೆಗೂ ಸರಿಯೇ? ಲೆಕ್ಕ ಹಾಕಿಯೇ ನೋಡಬೇಕು.

ಮನೆಬಳಕೆಯ ಕರೆಂಟಿಗೆ ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿಯೋಣ. ಚೆನ್ನಾಗಿ ಹಿಂಡಿದ ಐದು ಕೆ.ಜಿ. ಬಟ್ಟೆ, ಮೂರು ಲೀಟರ್ ನೀರು. ವೆಂಟೆಡ್‌ಗೆ 3.3 ಯೂನಿಟ್, ಸುಮಾರು 20 ರೂಪಾಯಿ. ಕಂಡೆನ್ಸರ್‌ಗೆ 3.6 ಯೂನಿಟ್, 22 ರೂಪಾಯಿ. ಹೀಟ್ ಪಂಪ್‌ಗೆ 1.4 ಯೂನಿಟ್, ಎಂಟೂವರೆ ರೂಪಾಯಿ. ನಾಲ್ಕು ತಿಂಗಳ ಮಳೆಗಾಲದಲ್ಲಿ ದಿನ ಬಿಟ್ಟು ದಿನ ಓಡಿಸಿದರೆ 60 ಸಲ. ವೆಂಟೆಡ್‌ಗೆ ಸುಮಾರು 1,200 ರೂಪಾಯಿ, ಹೀಟ್ ಪಂಪ್‌ಗೆ 500. ವರ್ಷಕ್ಕೆ 700 ರೂಪಾಯಿ ಉಳಿತಾಯ. ಹೀಟ್ ಪಂಪ್ ಯಂತ್ರಕ್ಕೆ 30,000 ರೂಪಾಯಿ ಹೆಚ್ಚು ತೆತ್ತಿದ್ದರೆ ಆ ಹಣ ಮರಳಲು ನಲವತ್ತು ವರ್ಷಕ್ಕೂ ಮೇಲೆ ಬೇಕು. ಅಷ್ಟು ಬಾಳುವ ಯಂತ್ರವಿಲ್ಲ. ಉಳಿದ ಎಂಟು ತಿಂಗಳು ಅಂಗಳದ ಬಿಸಿಲು ಧರ್ಮಕ್ಕೇ ಸಿಗುವ ನಾಡಿನಲ್ಲಿ ಈ ಲೆಕ್ಕ ಹೀಗೇ ಬರುತ್ತದೆ.

ಆದರೆ ಕರ್ನಾಟಕದ ಬಿಲ್ಲಿನಲ್ಲಿ 2023ರಿಂದ ಇನ್ನೊಂದು ಸಂಗತಿ ಸೇರಿಕೊಂಡಿದೆ: ಗೃಹಜ್ಯೋತಿ. ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಅಷ್ಟರವರೆಗೆ ಉಚಿತ, ಅದನ್ನು ಮೀರಿದರೆ ಮೀರಿದ್ದಕ್ಕೆ ಮಾತ್ರ ಹಣ. 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೂ ಕಟ್ಟಬೇಕು. ತಿಂಗಳಿಗೆ 160 ಯೂನಿಟ್ ಬಳಸುವ, 170ರವರೆಗೆ ಉಚಿತ ಸಿಗುವ ಒಂದು ಮನೆ ಇದೆಯೆನ್ನಿ. ತಿಂಗಳಿಗೆ 15 ಸಲ ವೆಂಟೆಡ್ ಡ್ರೈಯರ್ ಓಡಿಸಿದರೆ 50 ಯೂನಿಟ್ ಸೇರಿ 210 ಆಗುತ್ತದೆ. 1,260 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ. ಹೀಟ್ ಪಂಪ್ ಆದರೆ 21 ಯೂನಿಟ್ ಸೇರಿ 181. ಹಣ ಕಟ್ಟಬೇಕಾದದ್ದು 11 ಯೂನಿಟ್‌ಗೆ, 70 ರೂಪಾಯಿ ಆಸುಪಾಸು. ನಾಲ್ಕು ತಿಂಗಳಿಗೆ ವ್ಯತ್ಯಾಸ 4,700 ರೂಪಾಯಿಗೂ ಹೆಚ್ಚು. ನಲವತ್ತು ವರ್ಷದ ಲೆಕ್ಕ ಒಮ್ಮೆಲೇ ಸುಮಾರು ಆರೂಕಾಲು ವರ್ಷಕ್ಕೆ ಇಳಿಯಿತು! ತಿಂಗಳಿಗೆ 90 ಯೂನಿಟ್ ಬಳಸುವ ಮನೆಗೆ ಈ ಮಾತು ಅನ್ವಯಿಸದು, ಆಗಲೇ 250 ಬಳಸುತ್ತಿರುವ ಮನೆಗೂ ಅನ್ವಯಿಸದು. ಆದ್ದರಿಂದ ಡ್ರೈಯರ್ ಅಂಗಡಿಗೆ ಹೊರಡುವ ಮೊದಲು ಕಳೆದ ಜುಲೈ, ಆಗಸ್ಟ್ ತಿಂಗಳ ಮೆಸ್ಕಾಂ ಬಿಲ್ಲುಗಳನ್ನು ಹುಡುಕಿ ತೆಗೆಯಿರಿ. ಯಾವ ಯಂತ್ರ ಅಗ್ಗ ಎಂಬ ಉತ್ತರ ಅವುಗಳಲ್ಲೇ ಇದೆ.

ಮೂಡುಬಿದಿರೆ, ಉಜಿರೆಗಳ ಕಥೆ ಬೇರೆ. ಅಲ್ಲಿ ಸಾವಿರಾರು ವಿದ್ಯಾರ್ಥಿಗಳು ಹಾಸ್ಟೆಲ್‌ಗಳಲ್ಲಿದ್ದಾರೆ. ಧರ್ಮಸ್ಥಳದ ಸುತ್ತ ವರ್ಷವಿಡೀ ಯಾತ್ರಿಕರು ಬಂದಿಳಿಯುವ ವಸತಿಗೃಹಗಳಿವೆ, ಹೊದಿಕೆ ದಿನವೂ ಒಗೆಯಬೇಕಾದ ಆಸ್ಪತ್ರೆಗಳಿವೆ. ದಿನಕ್ಕೆ ಆರು ಸಲ, ವರ್ಷಕ್ಕೆ 300 ದಿನ ಡ್ರೈಯರ್ ಓಡುವ ಕಡೆ 1,800 ಸುತ್ತು, ಸುತ್ತಿಗೆ 1.9 ಯೂನಿಟ್ ಉಳಿದರೂ ವರ್ಷಕ್ಕೆ 3,400 ಯೂನಿಟ್ ಮಿಕ್ಕಿತು. ಹೆಚ್ಚುವರಿ ಬೆಲೆ ಎರಡು ವರ್ಷದೊಳಗೆ ಕೈಗೆ ಬಂತು. ಇಂಥ ಕಡೆ ಹಳೆಯ ಹೀಟರ್ ಯಂತ್ರವನ್ನೇ ಕೊಳ್ಳುವುದು ದುಂದು.

ಡ್ರೈಯರ್ ಇಲ್ಲದ ಮನೆಯವರೂ ಕರೆಂಟು ಖರ್ಚು ಮಾಡದೇ ಇರುವುದಿಲ್ಲ. ಹಗ್ಗದ ಕೆಳಗೆ ರಾತ್ರಿಯಿಡೀ, ಮರುದಿನವೂ ಹಳೆಯ 75 ವಾಟ್ ಫ್ಯಾನ್ ತಿರುಗಿಸಿದರೆ 24 ಗಂಟೆಗೆ 1.8 ಯೂನಿಟ್. ಅದು ಹೀಟ್ ಪಂಪ್ ಡ್ರೈಯರ್‌ನ ಒಂದು ಸುತ್ತಿಗಿಂತ ಹೆಚ್ಚು! ಬಿಎಲ್‌ಡಿಸಿ ಫ್ಯಾನ್ ಆದರೆ ಅದರ ಅರ್ಧವೂ ಇಲ್ಲ. ನಿಧಾನವಾಗಿ ಒಣಗಿದ ಬಟ್ಟೆಗೆ ಮುಗ್ಗುಲು ವಾಸನೆ ಬರುವುದು ಮೊರಾಕ್ಸೆಲ್ಲಾ ಆಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿಕೊಟ್ಟರು. ಬಟ್ಟೆ ತೇವವಾಗಿರುವ ಅವಧಿ ಉದ್ದವಾದಷ್ಟೂ ಅದಕ್ಕೆ ಬೆಳೆಯಲು ಪುರುಸೊತ್ತು. ತಾರಸಿ ಮನೆಯ ಒಂದು ಚಿಕ್ಕ ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಗಾಳಿಯ ತೇವ ಹೀರುವ ಡೀಹ್ಯೂಮಿಡಿಫೈಯರ್ ಇಟ್ಟರೆ ಖರ್ಚು ಹೀಟ್ ಪಂಪ್‌ಗಿಂತ ಬಹಳ ಹೆಚ್ಚಾಗದು. ಅದೂ ಹೀಟ್ ಪಂಪ್‌ನದೇ ತತ್ತ್ವ. ಮಂಗಳೂರು ಹೆಂಚಿನ ಮನೆಯಲ್ಲಿ ಮಾತ್ರ ಇದು ನಡೆಯುವುದಿಲ್ಲ. ಹೆಂಚಿನ ಸಂದುಗಳಿಂದ ಇಡೀ ಊರಿನ ತೇವ ಒಳಗೆ ಬರುತ್ತಲೇ ಇರುತ್ತದೆ.

ವಿಟ್ಲದಿಂದ ವೇಣೂರಿನವರೆಗೆ ಅಡಿಕೆ ಬೆಳೆಗಾರರ ಅಂಗಳಗಳಲ್ಲಿ ನಿಂತಿರುವ ಪಾಲಿಥೀನ್ ಹೊದಿಕೆಯ ಸೋಲಾರ್ ಗೂಡುಗಳನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಮಳೆಗಾಲದಲ್ಲಿ ಅಡಿಕೆ ಇಲ್ಲದಾಗ ಅದರೊಳಗೆ ಹಗ್ಗ ಕಟ್ಟಿ ಬಟ್ಟೆ ಹಾಕುವವರು ಅನೇಕರು. ಮೋಡದ ನಡುವೆ ಒಂದು ಗಳಿಗೆ ಬಿಸಿಲು ಬಂದರೂ ಒಳಗಿನ ಗಾಳಿ ಕಾಯುತ್ತದೆ, ತೇವ ಹೊರಹೋಗಲು ಮೇಲ್ಗಡೆ ಕಿಂಡಿ ಇದ್ದರೆ ಕೆಲಸ ಆಯಿತು. ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರ್ ನೆಲಕ್ಕೆ ಸುಮಾರು ಐದು ಯೂನಿಟ್‌ನಷ್ಟು ಶಕ್ತಿ ಬೀಳುತ್ತದೆ. ಸಾವಿರ ಚದರಡಿಯ ಅಂಗಳಕ್ಕೆ ದಿನಕ್ಕೆ 460 ಯೂನಿಟ್. ಕರೆಂಟಿನ ದರದಲ್ಲಿ 2,700 ರೂಪಾಯಿ ಮೀರುತ್ತದೆ.

ಹಾಗಾದರೆ ಅಡಿಕೆಗೂ ಹೀಟ್ ಪಂಪ್ ಡ್ರೈಯರ್ ತಂದು ಎರಡು ದಿನದಲ್ಲಿ ಮುಗಿಸಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಬಟ್ಟೆಯ ನೀರು ನೂಲುಗಳ ನಡುವೆ, ಮೇಲ್ಮೈಯ ಹತ್ತಿರವೇ ಇರುತ್ತದೆ. ಬಿಸಿಗಾಳಿ ತಾಗಿದೊಡನೆ ಹೊರಡುತ್ತದೆ. ಹಣ್ಣಡಿಕೆಯ ನೀರು ಗಟ್ಟಿ ತಿರುಳಿನ ಒಳಗಿನಿಂದ ಹೊರಟು, ನಾರಿನ ಸಿಪ್ಪೆಯನ್ನು ದಾಟಿ ಬರಬೇಕು. ಆ ದಾರಿಯನ್ನು ಗಾಳಿಯ ಬಿಸಿ ಸ್ವಲ್ಪ ಮಟ್ಟಿಗೆ ಮಾತ್ರ ಚುರುಕು ಮಾಡಬಲ್ಲದು. ಹಣ್ಣಡಿಕೆ ಒಣಗಿ ಚಾಲಿಯಾಗಲು ಬಿಸಿಲಿನಲ್ಲಿ ನಲವತ್ತು ದಿನ ಹಿಡಿಯುವುದು ಇದಕ್ಕೇ. ಕೊನೆಯ ದಿನಗಳಲ್ಲಂತೂ ಹೊರಬರುವ ನೀರು ತೀರಾ ಅಲ್ಪ, ಯಂತ್ರದ ಫ್ಯಾನು, ಕಂಪ್ರೆಸರು ಮಾತ್ರ ಓಡುತ್ತಲೇ ಇರುತ್ತವೆ. ಲೀಟರ್ ಲೆಕ್ಕದ ಖರ್ಚು ದಿನದಿಂದ ದಿನಕ್ಕೆ ಏರುತ್ತದೆ. ಅಕ್ಟೋಬರ್‌ನಲ್ಲಿ ಮಳೆ ಇನ್ನೂ ಬಿಡದಿರುವಾಗ ಬರುವ ಮೊದಲ ಕೊಯ್ಲಿಗೆ, ಬೂಸ್ಟು ಹಿಡಿಯುವ ಭಯವಿರುವ ಮೊದಲ ಕೆಲವು ದಿನಗಳ ಮಟ್ಟಿಗೆ ಯಂತ್ರ ಅಥವಾ ಸೌದೆಯ ಗೂಡು ಬಳಸಿ, ಆಮೇಲೆ ಸೋಲಾರ್ ಗೂಡಿಗೆ ಹರಡುವುದು ಲೆಕ್ಕಕ್ಕೂ ಸರಿ, ಅಡಿಕೆಗೂ ಸರಿ.